ಹೆಡರ್ ಕಡತಗಳ ವಿಭಾಗಕ್ರಮ

ತಂತ್ರಾಂಶದ ಲೈಬ್ರರಿಯಲ್ಲಿ ಎರಡು ಬಗೆಯ ಬರಹಗಳಿರುವುವು. ಕಾರ್ಯವನ್ನು ನಡೆಯಿಸುವ ವಿಧಿಗಳುಳ್ಳ ಮೂಲ ಕಡತಗಳು ಒಂದು ಬಗೆ. ಆ ಕಾರ್ಯಗಳ ಹೆಸರನ್ನೂ ಬಳಸುವ ರೀತಿಯನ್ನೂ ಹೊರಗಿನವರಿಗೆ ಅರುಹುವ ಹೆಡರ್ ಕಡತಗಳು ಇನ್ನೊಂದು. ಇವುಗಳಲ್ಲಿ ಯಾವುದು ಬಳಕೆದಾರರಿಗೆ ಸಲ್ಲತಕ್ಕದ್ದು, ಯಾವುದು ಒಳಗೇ ಉಳಿಯತಕ್ಕದ್ದು ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಅಲ್ಪವಾಗಿ ಕಂಡರೂ, ಲೈಬ್ರರಿಯ ಆಯುಷ್ಯವೇ ಅದನ್ನು ಅವಲಂಬಿಸಿದೆ.

ಈ ಪದ್ಧತಿಯ ಮೂಲವನ್ನು ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಕಾಣಬಹುದು. ಡೆನಿಸ್ ರಿಚಿಯವರು ರೂಪಿಸಿದ ಸಿ ಭಾಷೆಗೆ ೧೯೭೨-೭೩ರ ಸುಮಾರಿಗೆ, ಅಂಶತಃ ಅಲನ್ ಸ್ನೈಡರರ ಒತ್ತಾಯದಿಂದ, ಒಂದು ಕಡತದೊಳಗೆ ಮತ್ತೊಂದನ್ನು ಸೇರಿಸುವ ಸೌಕರ್ಯವು ಒದಗಿತು. ಬಿಸಿಪಿಎಲ್ ಮತ್ತು ಪಿಎಲ್/ಒನ್ ಭಾಷೆಗಳಲ್ಲಿ ಇಂಥ ಸೌಕರ್ಯವು ಮೊದಲೇ ಇದ್ದಿತು. ೧೯೭೨ರಲ್ಲಿಯೇ ಡೇವಿಡ್ ಪಾರ್ನಾಸರು, ಮುಂದೆ ಬದಲಾಗಬಹುದಾದ ನಿರ್ಣಯಗಳನ್ನು ಆಯಾ ಭಾಗದೊಳಗೇ ಮರೆಯಾಗಿಡಬೇಕೆಂದು ಪ್ರತಿಪಾದಿಸಿದರು.

ಆದರೆ ಸಿದ್ಧಾಂತಕ್ಕೂ ಆಚರಣೆಗೂ ಅಂತರವಿದ್ದಿತು. ೧೯೭೯ರ ಯುನಿಕ್ಸ್ ಏಳನೆಯ ಆವೃತ್ತಿಯಲ್ಲಿ, ಅಕ್ಷರವನ್ನು ಓದುವ ಕಾರ್ಯವು ಶೀಘ್ರವಾಗಲೆಂದು ಅದನ್ನು ಮ್ಯಾಕ್ರೋ ರೂಪದಲ್ಲಿ ಬರೆದಿದ್ದರು. ಆ ಮ್ಯಾಕ್ರೋ ಕಡತದ ಒಳರಚನೆಯನ್ನು ನೇರವಾಗಿ ಮುಟ್ಟುತ್ತಿದ್ದುದರಿಂದ, ಆ ರಚನೆಯನ್ನು ಬಹಿರಂಗ ಹೆಡರಿನಲ್ಲಿಯೇ ಪ್ರಕಟಿಸಬೇಕಾಯಿತು. ಹೀಗೆ ಪ್ರಕಟವಾದ ರಚನೆಯ ಅಂಗಕ್ರಮವನ್ನು ಬದಲಿಸಿದರೆ, ಹಿಂದೆ ಸಿದ್ಧವಾದ ಪ್ರೋಗ್ರಾಮುಗಳು ತಪ್ಪು ಸ್ಥಾನದಲ್ಲಿ ಓದುವುವು. ವೇಗದ ಲಾಭಕ್ಕೆ ಸ್ವಾತಂತ್ರ್ಯವೇ ಬೆಲೆಯಾಯಿತು.

ಲಿನಕ್ಸ್ ಕರ್ನಲ್ಲಿನ ಇತಿಹಾಸವು ಇದಕ್ಕೆ ಇನ್ನೂ ಸ್ಪಷ್ಟವಾದ ನಿದರ್ಶನವು. ಅಲ್ಲಿ ಒಂದೇ ಹೆಡರಿನೊಳಗೆ ಕರ್ನಲ್ಲಿನ ಗೋಪ್ಯಭಾಗವೂ ಬಳಕೆದಾರರ ಭಾಗವೂ ಬೆರೆತಿದ್ದುವು. ಇವೆರಡರ ನಡುವೆ ಒಂದು ನಿಬಂಧನೆಯ ಗುರುತು ಮಾತ್ರ ಗಡಿಯಾಗಿದ್ದಿತು. ಆ ಗುರುತು ತಪ್ಪಿದಲ್ಲಿ ಒಳಗಿನ ಗುಟ್ಟು ಹೊರಬೀಳುತ್ತಿತ್ತು. ೨೦೦೬ರ ೨.೬.೧೮ನೆಯ ಆವೃತ್ತಿಯು ಬಹಿರಂಗ ಹೆಡರುಗಳನ್ನು ಸೋಸಿ ಬೇರೆಡೆ ಸ್ಥಾಪಿಸುವ ಏರ್ಪಾಟನ್ನು ತಂದಿತು. ಆದರೂ ಮೂಲದಲ್ಲಿ ಬೆರಕೆಯು ಉಳಿದೇ ಇದ್ದಿತು. ಕಡೆಗೆ ಡೇವಿಡ್ ಹೌವೆಲ್ಸರ ಪ್ರಯತ್ನದಿಂದ, ೨೦೧೨ರ ಡಿಸೆಂಬರಿನಲ್ಲಿ ಹೊರಬಂದ ೩.೭ನೆಯ ಆವೃತ್ತಿಯಲ್ಲಿ, ಬಳಕೆದಾರರಿಗೆ ಸಲ್ಲುವ ಭಾಗಗಳು 'ಯುಎಪಿಐ' ಎಂಬ ಪ್ರತ್ಯೇಕ ಕೋಶದಲ್ಲಿ ನೆಲೆಗೊಂಡುವು. ಹೆಡರುಗಳ ಪರಸ್ಪರ ತೊಡಕು ಇದರಿಂದ ಸಡಿಲವಾಯಿತು. ಹೊರಗಿನವರಿಗೆ ಕೊಟ್ಟ ಮಾತಿನಲ್ಲಿ ಯಾವ ಬದಲಾವಣೆಯಾದರೂ ಪರಿಶೀಲಕರ ಕಣ್ಣಿಗೆ ಸುಲಭವಾಗಿ ಬೀಳುವಂತಾಯಿತು.

ಬಹಿರಂಗ ಹೆಡರುಗಳನ್ನು ಒಂದು ಕೋಶದಲ್ಲಿಯೂ, ಮೂಲ ಕಡತಗಳನ್ನೂ ಒಳ ಹೆಡರುಗಳನ್ನೂ ಮತ್ತೊಂದರಲ್ಲಿಯೂ ಇರಿಸುವುದು ಇಂದು ಅನೇಕ ಲೈಬ್ರರಿಗಳ ರೂಢಿಯು. ರಚನೆಯ ಹೆಸರನ್ನು ಮಾತ್ರ ಹೊರಗೆ ಸಾರಿ, ಅದರ ಅಂಗಗಳನ್ನು ಮೂಲ ಕಡತದಲ್ಲಿ ಅಡಗಿಸುವುದೂ ಉಂಟು. ಇವೆಲ್ಲದರ ಹಿಂದಿರುವ ತತ್ತ್ವವು ಒಂದೇ: ಬಹಿರಂಗ ಹೆಡರಿನ ಪ್ರತಿಯೊಂದು ಸಾಲೂ ಅಪರಿಚಿತ ಬಳಕೆದಾರನಿಗೆ ಬರೆದುಕೊಟ್ಟ ಕರಾರು. ಒಳಗಿನದನ್ನು ಎಂದು ಬೇಕಾದರೂ ತಿದ್ದಬಹುದು. ಕರಾರನ್ನು ಮುರಿದಾಗ ಅದರ ನಷ್ಟವನ್ನು ಹೊರುವವರು ಬೇರೆಯವರು.