ಗ್ರಹಣಗಳು: ದಕ್ಷಿಣ ಬೆಂಗಳೂರಿನ ಆಕಾಶದಲ್ಲಿ

ಅಮಾವಾಸ್ಯೆಯಂದು ಸೂರ್ಯನಿಗೂ ಭೂಮಿಗೂ ನಡುವೆ ಚಂದ್ರ ಅಡ್ಡ ಬಂದರೆ ಸೂರ್ಯಗ್ರಹಣ. ಹುಣ್ಣಿಮೆಯಂದು ಭೂಮಿಯ ನೆರಳು ಚಂದ್ರನ ಮೇಲೆ ಬಿದ್ದರೆ ಚಂದ್ರಗ್ರಹಣ. ಚಂದ್ರನ ಕಕ್ಷೆ ಭೂಮಿಯ ಕಕ್ಷೆಗೆ ಸುಮಾರು 5 ಡಿಗ್ರಿ ಓರೆಯಾಗಿದೆ. ಹಾಗಾಗಿ ಪ್ರತಿ ಅಮಾವಾಸ್ಯೆ, ಹುಣ್ಣಿಮೆಗೆ ಗ್ರಹಣ ಹಿಡಿಯುವುದಿಲ್ಲ. ಚಂದ್ರನ ಕಕ್ಷೆ ಭೂಮಿಯ ಕಕ್ಷೆಯ ತಲವನ್ನು ಹಾಯುವ ಎರಡು ಬಿಂದುಗಳೇ ಪಂಚಾಂಗದ ರಾಹು, ಕೇತು. ಸೂರ್ಯ ಇವುಗಳ ಸಮೀಪ ಬರುವುದು ಹೆಚ್ಚುಕಡಿಮೆ ಆರು ತಿಂಗಳಿಗೊಮ್ಮೆ. ಗ್ರಹಣಗಳೆಲ್ಲ ಆ ಕೆಲವು ವಾರಗಳಲ್ಲೇ ಆಗುತ್ತವೆ.

ಚಂದ್ರಗ್ರಹಣದ ಸ್ಪರ್ಶ (ಆರಂಭ), ಮೋಕ್ಷ (ಮುಕ್ತಾಯ) ಇವುಗಳ ಹೊತ್ತು ದೇಶಕ್ಕೆಲ್ಲ ಒಂದೇ, ಚಂದ್ರ ಮೇಲೆ ಬಂದಿರಬೇಕು ಅಷ್ಟೆ. ಸೂರ್ಯಗ್ರಹಣ ಹಾಗಲ್ಲ, ಊರಿಂದೂರಿಗೆ ವೇಳೆಯೂ ಪ್ರಮಾಣವೂ ಬದಲಾಗುತ್ತವೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್‌ಗಳು ಒಂದಕ್ಕೊಂದು ಹತ್ತಿರವಿರುವುದರಿಂದ ಬೆಂಗಳೂರಿಗೆ ಕೊಟ್ಟ ವೇಳೆಯನ್ನೇ ಇಲ್ಲಿಗೂ ಹಿಡಿಯಬಹುದು.

ಕನ್ನಡ ನಾಡಿನ ಮೇಲೆ ಹಾದ ಕೆಲವು ದೊಡ್ಡ ಗ್ರಹಣಗಳ ಹಾದಿ ಬೆಂಗಳೂರನ್ನು ಪಕ್ಕಕ್ಕೆ ಬಿಟ್ಟೇ ಸಾಗಿದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಬ್ರಿಟಿಷ್ ವೀಕ್ಷಕ ಜಾನ್ ಹರ್ಷಲ್ ಜಮಖಂಡಿಯಲ್ಲಿ ಮೋಡಗಳ ಸಂದಿಯಲ್ಲೇ ವೀಕ್ಷಿಸಿದರು. ಸೂರ್ಯನ ಅಂಚಿನ ಜ್ವಾಲೆಗಳು ಅನಿಲವೆಂಬುದು ಆ ದಿನದ ವೀಕ್ಷಣೆಗಳಿಂದ ಖಚಿತವಾಯಿತು. 1871ರ ಡಿಸೆಂಬರ್ 12ರ ಪೂರ್ಣಗ್ರಹಣ ನೋಡಲು ಖಗೋಳಶಾಸ್ತ್ರಜ್ಞ ನಾರ್ಮನ್ ಲಾಕ್ಯರ್ ಅವರ ತಂಡ ಕಾಸರಗೋಡಿನ ಬೇಕಲದಲ್ಲಿ ಬೀಡುಬಿಟ್ಟಿತ್ತು. 1980ರ ಫೆಬ್ರವರಿ 16ರಂದು ಅಂಕೋಲಾ, ಹುಬ್ಬಳ್ಳಿ, ರಾಯಚೂರು ಕಡೆ ಹಗಲೇ ಕತ್ತಲಾಯಿತು. ಬೆಂಗಳೂರಿಗೆ ಸಿಕ್ಕಿದ್ದು ಪಾರ್ಶ್ವಗ್ರಹಣ.

ಈಚಿನವುಗಳಲ್ಲಿ ಮರೆಯಲಾಗದ್ದು 2019ರ ಡಿಸೆಂಬರ್ 26ರ ಕಂಕಣ ಗ್ರಹಣ. ಕಾಸರಗೋಡಿನ ಚೆರುವತ್ತೂರು, ಮಂಗಳೂರು, ಕೊಡಗಿನ ಕುಟ್ಟ ಉರಿಬಳೆಯನ್ನೇ ಕಂಡವು. ಬೆಂಗಳೂರಿನಲ್ಲಿ ಬೆಳಿಗ್ಗೆ 8.06ಕ್ಕೆ ಸ್ಪರ್ಶ, 9.29ಕ್ಕೆ ಮಧ್ಯ, 11.11ಕ್ಕೆ ಮೋಕ್ಷ, ಸೂರ್ಯಬಿಂಬದ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಮುಚ್ಚಿತ್ತು. ಇಂಥ ಗ್ರಹಣವನ್ನು ನೋಡಲು ತಲೆ ಎತ್ತಲೇಬೇಕೆಂದಿಲ್ಲ. ಜಯನಗರದ ಹೊಂಗೆ ಮರದ ಕೆಳಗೆ ಫುಟ್‌ಪಾತ್ ನೋಡಿದರೂ ಸಾಕು: ಎಲೆಗಳ ಸಂದಿಯಿಂದ ಬೀಳುವ ದುಂಡನೆಯ ಬಿಸಿಲಚುಕ್ಕೆಗಳೆಲ್ಲ ಒಂದೇ ದಿಕ್ಕಿಗೆ ಬಾಗಿದ ಕುಡುಗೋಲುಗಳಾಗುತ್ತವೆ. ಪ್ರತಿ ಸಂದಿಯೂ ಒಂದು ಸೂಜಿರಂಧ್ರ ಕ್ಯಾಮೆರಾ. ಅಡುಗೆಮನೆಯ ಜಾಲರಿ ಸೌಟೂ ಇದೇ ಕೆಲಸ ಮಾಡುತ್ತದೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಚಂದ್ರಗ್ರಹಣ ಹೆಚ್ಚು ಉದಾರಿ. ರಾತ್ರಿಯಿರುವ ಅರ್ಧ ಭೂಮಿಗೇ ಕಾಣುತ್ತದೆ. 2018ರ ಜುಲೈ 27ರ ರಾತ್ರಿಯ ಗ್ರಹಣದ ಪೂರ್ಣ ಹಂತ 1 ಗಂಟೆ 43 ನಿಮಿಷ, ಈ ಶತಮಾನದಲ್ಲೇ ದೀರ್ಘವಾದದ್ದು. 2025ರ ಸೆಪ್ಟೆಂಬರ್ 7ರಂದು ರಾತ್ರಿ 11ರಿಂದ 12.22ರವರೆಗೆ ಚಂದ್ರ ಪೂರ್ತಿ ನೆರಳಲ್ಲಿದ್ದ. 2026ರ ಮಾರ್ಚ್ 3, ಕಾಮನ ಹುಣ್ಣಿಮೆಯ ಗ್ರಹಣದ ಲೆಕ್ಕವೇ ಬೇರೆ: ಪೂರ್ಣ ಹಂತ ಮುಗಿಯುವುದು ಸಂಜೆ 5.33ಕ್ಕೆ, ಇಲ್ಲಿ ಚಂದ್ರೋದಯ 6.30ರ ಆಸುಪಾಸು, ಮೋಕ್ಷ 6.48ರ ಹೊತ್ತಿಗೆ. ಪೂರ್ವಕ್ಕೆ ಅಪಾರ್ಟ್‌ಮೆಂಟ್ ಎದ್ದಿರುವ ಬೀದಿಗಳಿಗೆ ಅದು ದಕ್ಕುವಂಥದ್ದಲ್ಲ.

2027ರ ಆಗಸ್ಟ್ 2, ಭೀಮನ ಅಮಾವಾಸ್ಯೆಯ ಸಂಜೆ ಪಾರ್ಶ್ವ ಸೂರ್ಯಗ್ರಹಣವಿದೆ. ಮಳೆಗಾಲದ ಮೋಡ ಬಿಟ್ಟರೆ ಕಾಣುತ್ತದೆ. 2028ರ ಡಿಸೆಂಬರ್ 31ರ ರಾತ್ರಿ 9.46ರಿಂದ 10.58ರವರೆಗೆ ಪೂರ್ಣ ಚಂದ್ರಗ್ರಹಣ, ಹೊಸವರ್ಷಕ್ಕೆ ಕಾಯುವವರೆಲ್ಲ ಮಹಡಿಗೆ ಹತ್ತಬಹುದು. 2031ರ ಮೇ 21ರ ಕಂಕಣದ ಹಾದಿ ಕೇರಳ, ತಮಿಳುನಾಡಿನ ದಕ್ಷಿಣ ಭಾಗದ ಮೇಲಿದ್ದು, ಬೆಂಗಳೂರಿಗೆ ಮತ್ತೆ ದೊಡ್ಡ ಪಾರ್ಶ್ವಗ್ರಹಣ. ಗ್ರಹಣಗಳು 18 ವರ್ಷ 11 ದಿನಗಳಿಗೊಮ್ಮೆ ಮರುಕಳಿಸುವ ಸರಣಿಯಲ್ಲಿ 1980ರ ಗ್ರಹಣದ ಮೂರನೇ ಮರುಕಳಿಕೆ 2034ರ ಮಾರ್ಚ್ 20ರಂದು; ಅದು ಪೂರ್ಣವಾಗುವುದು ಕಾರ್ಗಿಲ್ ಕಡೆ, ಇಲ್ಲಿ ಪಾರ್ಶ್ವ.

ಚಂದ್ರಗ್ರಹಣವನ್ನು ಬರಿಗಣ್ಣಲ್ಲಿ ನೋಡಿ, ಯಾವ ಅಪಾಯವೂ ಇಲ್ಲ. ಸೂರ್ಯನನ್ನು ಮಾತ್ರ ಎಕ್ಸ್‌ರೇ ಫಿಲ್ಮ್, ಮಸಿ ಹಿಡಿದ ಗಾಜು, ನೀರಿನ ಬಿಂಬದಲ್ಲಿ ನೋಡಬೇಡಿ. ಅಕ್ಷಿಪಟಲ ಸುಟ್ಟರೂ ನೋವು ತಿಳಿಯುವುದಿಲ್ಲ. ಐಎಸ್‌ಒ 12312-2 ಗುರುತಿನ, ಗೀರಿಲ್ಲದ ಗ್ರಹಣ ಕನ್ನಡಕವಿರಲಿ. 2027ರ ಸಂಜೆಗೆ ಪಶ್ಚಿಮ ತೆರೆದಿರುವ ಮಹಡಿಯೊಂದನ್ನು ಮೊದಲೇ ಗೊತ್ತುಮಾಡಿಟ್ಟುಕೊಳ್ಳಿ.