ಊಟಿ ರೈಲನ್ನು ಹಿಂದಿನಿಂದ ತಳ್ಳೋ ಇಂಜಿನ್

ಊಟಿ ಟ್ರೈನ್ ಹತ್ತಿದ್ದೀರಾ ಅಂತ ಕೇಳಿದ್ರೆ ಮೈಸೂರು, ಬೆಂಗಳೂರು ಕಡೆಯವರು ತುಂಬಾ ಜನ ಹೌದು ಅಂತಾರೆ. ಸರಿ, ಇಂಜಿನ್ ಎಲ್ಲಿತ್ತು, ಮುಂದೆನಾ ಹಿಂದೆನಾ? ಅಲ್ಲಿಗೆ ಮಾತು ನಿಲ್ಲುತ್ತೆ. ಅವರದ್ದೇನೂ ತಪ್ಪಿಲ್ಲ ಬಿಡಿ. ನಾವು ಗುಂಡ್ಲುಪೇಟೆ, ಬಂಡೀಪುರ ದಾಟಿ ಬೆಟ್ಟದ ಈ ಬದಿಯಿಂದ ಊಟಿಗೆ ಹೋಗೋರು. ಅಲ್ಲಿಂದ ಕೂನೂರಿಗೆ ಒಂದು ರೌಂಡ್ ಹೋಗಿ ಬಂದ್ರೆ ಮುಗೀತು. ಆ ತುಂಡು ದಾರಿಯಲ್ಲಿ ಸಾಮಾನ್ಯವಾಗಿ ಓಡೋದು ಡೀಸೆಲ್ ಇಂಜಿನ್. ಉಗಿ ಇಂಜಿನ್ ಬೆವರು ಸುರಿಸೋದು ಅದಕ್ಕಿಂತ ಕೆಳಗೆ, ತಮಿಳುನಾಡಿನ ಬಯಲಿನಲ್ಲಿರೋ ಮೆಟ್ಟುಪಾಳ್ಯದಿಂದ ಕೂನೂರಿನವರೆಗಿನ ಸುಮಾರು 28 ಕಿಲೋಮೀಟರ್‌ನಲ್ಲಿ.

ಬರೀ ಇಂಜಿನ್ ನೋಡೋದಕ್ಕೆ, ಅದರ ನಂಬರ್ ಬರ್ಕೊಳ್ಳೋದಕ್ಕೆ, ಸದ್ದು ರೆಕಾರ್ಡ್ ಮಾಡೋದಕ್ಕೆ ಇಡೀ ದಿನ ಹಳ್ಳಿ-ಕಾಡು ಸುತ್ತೋ ಜನ ಇದ್ದಾರೆ. ರೈಲ್‌ಫ್ಯಾನ್‌ಗಳು. ಅಂಥವರಿಗೆ ದಕ್ಷಿಣ ಭಾರತದಲ್ಲಿ ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ.

ಈ ಬೆಟ್ಟಕ್ಕೆ ರೈಲು ಹಾಕಬೇಕು ಅನ್ನೋ ಮಾತು ಮೊದಲು ಎದ್ದಿದ್ದು 1854ರಲ್ಲಿ. ಭಾರತದಲ್ಲಿ ಪ್ರಯಾಣಿಕರ ರೈಲು ಓಡೋಕೆ ಶುರುವಾಗಿ ಆಗಿನ್ನೂ ಒಂದೇ ವರ್ಷ! ಮುಂದೆ ಬೇಸಿಗೆ ಬಂತು ಅಂದ್ರೆ ಮದ್ರಾಸಿನ ಸರ್ಕಾರವೇ ಊಟಿಗೆ ಗುಳೆ ಹೋಗೋಕೆ ಶುರು ಮಾಡಿತು. ಆದ್ರೂ ಕೆಲಸ ಶುರುವಾಗಿದ್ದು 1891ರಲ್ಲಿ. ನಡುವೆ ದುಡ್ಡಿಲ್ಲದೆ ಕಂಪನಿ ಮುಳುಗಿತು, ಇನ್ನೊಂದು ಕಂಪನಿ ಬಂತು. 1899ರಲ್ಲಿ ಕೂನೂರಿಗೆ ರೈಲು ಹತ್ತಿತು, 1908ರಲ್ಲಿ ಊಟಿ ಮುಟ್ಟಿತು. ಒಟ್ಟು 46 ಕಿಲೋಮೀಟರ್. ಸಮುದ್ರ ಮಟ್ಟದಿಂದ 326 ಮೀಟರ್ ಎತ್ತರದಲ್ಲಿ ಹೊರಟು 2,203 ಮೀಟರ್‌ಗೆ ಹೋಗಿ ನಿಲ್ಲುತ್ತೆ. ಈ ಕಥೆಯಲ್ಲಿ ಗವರ್ನರ್‌ಗಳ ಹೆಸರು, ಇಂಜಿನಿಯರ್‌ಗಳ ಹೆಸರು ಸಲೀಸಾಗಿ ಸಿಗುತ್ತೆ. ಬಂಡೆ ಒಡೆದು 16 ಸುರಂಗ ಕೊರೆದವರ ಹೆಸರು ಹುಡುಕಿ ನೋಡಿ, ಗೊತ್ತಾಗುತ್ತೆ.

ಈಗ ದಿನದ ವಿಷಯಕ್ಕೆ ಬರೋಣ. ಬೆಳಗ್ಗೆ ಏಳರ ಹೊತ್ತಿಗೆ ಮೆಟ್ಟುಪಾಳ್ಯದಿಂದ ರೈಲು ಹೊರಡುತ್ತೆ. ಮೊದಲ ಕೆಲವು ಕಿಲೋಮೀಟರ್ ಅಡಿಕೆ ತೋಟದ ಬಯಲು, ಮಾಮೂಲಿ ರೈಲಿನ ಹಾಗೇ ಓಡುತ್ತೆ. ಆಮೇಲೆ ಕಲ್ಲಾರ್ ಬರುತ್ತೆ. ಕಣ್ಣು ಬಿಟ್ಟು ನೋಡಬೇಕಾದ ಜಾಗ ಇದು.

ಕಲ್ಲಾರ್ ದಾಟಿದ ಮೇಲೆ ಎರಡು ಹಳಿಗಳ ಮಧ್ಯೆ ಇನ್ನೊಂದು ಕಬ್ಬಿಣ ಕಾಣುತ್ತೆ. ಗರಗಸದ ಹಾಗೆ ಹಲ್ಲಿರೋ ಎರಡು ಪಟ್ಟಿ, ಪಕ್ಕಪಕ್ಕದಲ್ಲಿ. ಒಂದರ ಹಲ್ಲು ಇರೋ ಕಡೆ ಇನ್ನೊಂದರಲ್ಲಿ ಸಂದು. ಇಂಜಿನ್ ಹೊಟ್ಟೆಯ ಕೆಳಗಿರೋ ಹಲ್ಲುಚಕ್ರ ಇದನ್ನ ಕಚ್ಚಿಕೊಂಡು ಹತ್ತುತ್ತೆ. ಒಂದು ಪಟ್ಟಿಯ ಹಲ್ಲು ಬಿಡೋ ಹೊತ್ತಿಗೆ ಇನ್ನೊಂದರ ಹಲ್ಲು ಸಿಕ್ಕಿರುತ್ತೆ, ಹಾಗಾಗಿ ಹಿಡಿತ ತಪ್ಪೋ ಮಾತೇ ಇಲ್ಲ. ಸ್ವಿಟ್ಜರ್ಲೆಂಡಿನ ರೋಮನ್ ಆಪ್ಟ್ ಅನ್ನೋ ಇಂಜಿನಿಯರ್ ಕಂಡುಹಿಡಿದ ಉಪಾಯ. ಏರು ಎಷ್ಟಿದೆ ಅಂದ್ರೆ, ಕಡಿದಾದ ಕಡೆ 12 ಮೀಟರ್ ಮುಂದೆ ಹೋದ್ರೆ 1 ಮೀಟರ್ ಮೇಲೆ. ಬರೀ ಉಕ್ಕಿನ ಚಕ್ರ ಉಕ್ಕಿನ ಹಳಿ ಮೇಲೆ ಇಷ್ಟು ಏರಿನಲ್ಲಿ ಜಾರಿ ಹೋಗುತ್ತೆ.

ಇಂಜಿನ್ ಕೂಡ ಸ್ವಿಸ್. ಎಕ್ಸ್ ಕ್ಲಾಸ್ ಅಂತ ಹೆಸರು, ವಿಂಟರ್‌ಟೂರ್ ಪಟ್ಟಣದ ಕಾರ್ಖಾನೆಯಲ್ಲಿ 1914ರಿಂದ 1925ರವರೆಗೆ, ಮತ್ತೆ 1952ರಲ್ಲಿ ತಯಾರಾದವು. ಪಕ್ಕದಿಂದ ನೋಡಿ. ಒಂದೊಂದು ಬದಿಯಲ್ಲಿ ಒಂದರ ಮೇಲೊಂದು ಎರಡು ಸಿಲಿಂಡರ್. ಬಯಲಿನಲ್ಲಿ ಕೆಳಗಿನದ್ದು ಮಾತ್ರ ಕೆಲಸ ಮಾಡುತ್ತೆ. ಹಲ್ಲಿನ ಹಳಿ ಶುರುವಾಯ್ತಾ, ಕೆಳಗೆ ಒಮ್ಮೆ ದುಡಿದು ಬಂದ ಉಗಿಯನ್ನೇ ಮೇಲಿನ ಸಿಲಿಂಡರ್‌ಗೆ ಬಿಡ್ತಾರೆ, ಅದು ಹಲ್ಲುಚಕ್ರ ತಿರುಗಿಸುತ್ತೆ. ಅಲ್ಲಿವರೆಗೂ ಸುಮ್ಮನಿದ್ದ ಮೇಲಿನ ರಾಡುಗಳು ಕುಣಿಯೋಕೆ ಶುರು ಮಾಡ್ತವೆ. ಇದನ್ನ ನೋಡೋಕೇ ಜನ ದೂರದ ದೇಶಗಳಿಂದ ಬರ್ತಾರೆ.

ಇನ್ನೊಂದು. ಹತ್ತುವಾಗ ಇಂಜಿನ್ ಇರೋದು ಹಿಂದೆ. ಬೋಗಿಗಳನ್ನ ತಳ್ಳಿಕೊಂಡು ಹೋಗುತ್ತೆ. ಕೊಂಡಿ ಕಳಚಿದ್ರೂ ಬೋಗಿ ಇಂಜಿನ್‌ಗೇ ಆತು ನಿಲ್ಲಲಿ ಅಂತ. ಹಾಗಾಗಿ ಡ್ರೈವರ್‌ಗೆ ಮುಂದಿನ ದಾರಿ ಕಾಣಲ್ಲ. ಪ್ರತಿ ಬೋಗಿಗೂ ಒಬ್ಬ ಬ್ರೇಕ್ಸ್‌ಮನ್ ಇರ್ತಾರೆ, ಕೈಯಲ್ಲಿ ಬಾವುಟ. ಮುಂದಿನವರು ತೋರಿಸಿದ ಬಾವುಟ ನೋಡಿ ಹಿಂದಿನವರು ತೋರಿಸ್ತಾರೆ, ಅದು ಇಂಜಿನ್ ತಲುಪುತ್ತೆ. ನಿಮ್ಮ ಫೋನಿನ ಕ್ಯಾಮೆರಾ ಸ್ವಲ್ಪ ಅವರ ಕಡೆಗೂ ತಿರುಗಲಿ. ನೀರು ತುಂಬಿಸ್ಕೊಳ್ಳೋಕೆ ಹಿಲ್‌ಗ್ರೋವ್‌ನಲ್ಲಿ ನಿಂತಾಗ ಅದಕ್ಕೆ ಪುರುಸೊತ್ತೂ ಸಿಗುತ್ತೆ. ತಿಂಡಿ ಪೊಟ್ಟಣ ಮಾತ್ರ ಭದ್ರ, ಅಲ್ಲಿನ ಕೋತಿಗಳು ನಮಗಿಂತ ಚುರುಕು.

2005ರಲ್ಲಿ ಯುನೆಸ್ಕೊ ಈ ದಾರಿಗೆ ವಿಶ್ವ ಪರಂಪರೆ ಪಟ್ಟ ಕೊಟ್ಟಿತು. ತಕರಾರು ಶುರುವಾಗೋದೂ ಅಲ್ಲೇ. ಹಳೇ ಇಂಜಿನ್‌ಗಳು ಸೋತವು. ಕಲ್ಲಿದ್ದಲು ಬಿಟ್ಟು ಎಣ್ಣೆ ಉರಿಸೋಕೆ ಶುರು ಮಾಡಿದ್ರು. 2011ರಿಂದ ಈಚೆಗೆ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ವರ್ಕ್‌ಶಾಪ್‌ನಲ್ಲಿ ಅದೇ ನಮೂನೆಯ ಹೊಸ ಉಗಿ ಇಂಜಿನ್‌ಗಳನ್ನೇ ಕಟ್ಟಿದ್ರು. ಹೊಸದಾಗಿ ಮಾಡಿದ್ದು ಪರಂಪರೆ ಹೇಗಾಗುತ್ತೆ ಅಂತ ಕೆಲವು ಹಳೇ ರೈಲ್‌ಫ್ಯಾನ್‌ಗಳು ಮೂಗು ಮುರೀತಾರೆ.

ನನಗೆ ಹಾಗನ್ನಿಸಲ್ಲ. ನಮ್ಮೂರ ತೇರಿನ ಅಚ್ಚು ಮುರಿದ್ರೆ ಹೊಸ ಅಚ್ಚು ಹಾಕ್ತೀವಿ, ಗಾಲಿ ಸವೆದ್ರೆ ಬಡಗಿಯನ್ನ ಕರೀತೀವಿ. ತೇರು ಹಳೇದೇ. ಅದು ಎಳೆಯೋದು ನಿಂತು ಗಾಜಿನ ಮನೆ ಸೇರಿದ್ರೆ ಆಗ ಮರ ಹಳೇದಾಗಿ ಉಳಿಯುತ್ತೆ, ಜಾತ್ರೆ ಉಳಿಯಲ್ಲ. ಹಲ್ಲುಚಕ್ರ ಹೊಂದಿಸೋಕೆ, ಬಾಯ್ಲರ್ ರಿಪೇರಿ ಮಾಡೋಕೆ ಬರೋ ಕೈಗಳು ಈಗಲೂ ತಿರುಚಿಯಲ್ಲಿ, ಕೂನೂರು ಶೆಡ್‌ನಲ್ಲಿ ಇವೆ ಅಂದ್ರೆ ಅದಕ್ಕೆ ಕಾರಣ ಈ ಹೊಸ ಇಂಜಿನ್‌ಗಳು. 1998ರ 'ದಿಲ್ ಸೇ' ಸಿನಿಮಾದ 'ಛೈಯ್ಯಾ ಛೈಯ್ಯಾ' ಹಾಡಿನಲ್ಲಿ ಶಾರುಖ್ ಖಾನ್ ಕುಣಿದಿದ್ದು ಇದೇ ದಾರಿಯ ರೈಲಿನ ಮೇಲೆ. ಅದು ಸಿನಿಮಾ. ನೀವು ಹಳಿ ಮೇಲೆ ನಿಂತು ರೀಲ್ಸ್ ಮಾಡೋಕೆ ಹೋಗಬೇಡಿ.

ಹೋಗೋದಾದ್ರೆ ಟಿಕೆಟ್ ಮೊದಲೇ ಬುಕ್ ಮಾಡಿ, ಸೀಟು ಕಡಿಮೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಓಡಾಟ ನಿಲ್ಲೋದು ಮಾಮೂಲು, ಹೊರಡೋ ಮುಂಚೆ ವಿಚಾರಿಸಿ. ಹತ್ತೋಕೆ ಸುಮಾರು ಐದು ಗಂಟೆ ಬೇಕು, ಬಸ್ಸಿಗೆ ಅದರ ಅರ್ಧವೂ ಬೇಡ. ಊಟಿ ಹತ್ತಿರ ಕೇತಿ ಕಣಿವೆಯಲ್ಲಿ ಬಡಗರ ಮಾತು ಕಿವಿಗೆ ಬಿದ್ರೆ ಸ್ವಲ್ಪ ಗಮನಿಸಿ, ನಮ್ಮ ಕನ್ನಡಕ್ಕೆ ತೀರ ಹತ್ತಿರದ ಭಾಷೆ ಅದು.

ಮಧ್ಯಾಹ್ನ ಅದೇ ರೈಲು ವಾಪಸ್ ಇಳಿಯುತ್ತೆ. ಈ ಸಲ ಇಂಜಿನ್ ಮುಂದೆ. ಬೋಗಿಗಳ ಭಾರ ಪೂರ್ತಿ ಅದರ ಬೆನ್ನ ಮೇಲೆ, ಅದರ ಕೆಲಸ ಎಳೆಯೋದಲ್ಲ, ತಡೆಯೋದು. ಬೆಳಗ್ಗೆ ಕೇಳಿದ ಏದುಸಿರಿನ ಸದ್ದು ಇರಲ್ಲ. ಎರಡನ್ನೂ ರೆಕಾರ್ಡ್ ಮಾಡಿ ನಮಗೆ ಕಳಿಸಿ.