ಚಿಗಟ, ಉಣ್ಣಿಗಳಿಗೆ ಹನಿಮದ್ದು

ನಾಯಿ, ಬೆಕ್ಕುಗಳ ಮೈಮೇಲಿನ ಚಿಗಟ, ಉಣ್ಣಿಗಳನ್ನು ಕೊಲ್ಲಲು ಚರ್ಮಕ್ಕೆ ಹಾಕುವ ದ್ರವೌಷಧ. ಅಂಗಡಿಗಳಲ್ಲಿ ‘ಸ್ಪಾಟ್ ಆನ್’ ಎಂದೇ ಹೆಸರು. ಹೆಚ್ಚು ಬಳಕೆಯಲ್ಲಿರುವ ಫಿಪ್ರೊನಿಲ್ ಚರ್ಮದ ಜಿಡ್ಡಿನೊಡನೆ ಮೈಯೆಲ್ಲ ಹರಡಿ, ಜಿಡ್ಡಿನ ಗ್ರಂಥಿಗಳಲ್ಲಿ ಉಳಿದು ಸುಮಾರು ಒಂದು ತಿಂಗಳು ಕೆಲಸ ಮಾಡುತ್ತದೆ. ನಾಲಿಗೆಗೆ ಎಟುಕದ ಹೆಗಲೆಲುಬುಗಳ ನಡುವೆ ಕೂದಲನ್ನು ಬೈತಲೆ ತೆಗೆದಂತೆ ಬಿಡಿಸಿ, ಚರ್ಮ ಕಂಡ ಮೇಲೆಯೇ ಮದ್ದು ಹಿಂಡಬೇಕು; ಕೂದಲ ಮೇಲೆ ಸುರಿದರೆ ವ್ಯರ್ಥ. ಹಾಕುವ ಮುನ್ನ ಮತ್ತು ಹಾಕಿದ ಮೇಲೆ 2 ದಿನ ಸ್ನಾನ ಬೇಡ. ಪರ್ಮೆಥ್ರಿನ್ ಇರುವ ನಾಯಿಯ ಮದ್ದು ಬೆಕ್ಕಿಗೆ ವಿಷ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಬೆಕ್ಕಿನ ಯಕೃತ್ತು ಅದನ್ನು ಬೇಗ ಕರಗಿಸಲಾರದು. ನಡುಕ, ಫಿಟ್ಸ್ ಬಂದು ಸಾಯಲೂಬಹುದು. ತಪ್ಪಿ ಹಾಕಿದ್ದರೆ ಕೂಡಲೇ ಪಶುವೈದ್ಯರ ಬಳಿಗೆ ಒಯ್ಯಿರಿ.